ಅಜ್ಜಿಯ ಫೋನು ರಾತ್ರೋರಾತ್ರಿ ಮುಖ ಬದಲಿಸಿತು!

ಹೊಳೆನರಸೀಪುರದಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಬೆಳಗಿನ ಎಂಟು ಗಂಟೆ. ಅಜ್ಜಿ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದಾರೆ. ಕಿಟಕಿಯ ಕಟ್ಟೆಯ ಮೇಲಿಟ್ಟ ಫೋನು ರಿಂಗಾಗುತ್ತದೆ. ಚನ್ನರಾಯಪಟ್ಟಣದಿಂದ ಮಗಳು ಮಾಡುವ ದಿನದ ಫೋನು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಎಂದಿನಂತೆ ಗುಂಡಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಾರೆ. ಏನೂ ಆಗುವುದಿಲ್ಲ. ಮತ್ತೆ ತಳ್ಳುತ್ತಾರೆ. ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ. ಕೊನೆಗೆ ತಾನಾಗಿ ನಿಂತು ಹೋಗುತ್ತದೆ.

“ಪುಟ್ಟೀ, ಈ ಫೋನ್‌ಗೇನೋ ಆಗಿದೆ ನೋಡೇ. ರಾತ್ರಿ ಚೆನ್ನಾಗಿತ್ತು.”

ಯೂನಿಫಾರಂ ಹಾಕಿಕೊಳ್ಳುತ್ತಿದ್ದ ಮೊಮ್ಮಗಳು ಓಡಿ ಬರುತ್ತಾಳೆ. “ಅಜ್ಜಿ, ನೀನು ಏನೋ ಒತ್ತಿರ್ತೀಯ!”

“ನಾನ್ಯಾಕೆ ಒತ್ತಲಿ? ಮುಟ್ಟೇ ಇಲ್ಲ!”

ಈ ಮನೆ ಕಲ್ಪನೆಯದು. ಆದರೆ 2025ರ ಆಗಸ್ಟ್ ತಿಂಗಳಿನಲ್ಲಿ ಇಂಥ ಮಾತು ನಮ್ಮ ದೇಶದ ಎಷ್ಟೋ ಮನೆಗಳಲ್ಲಿ ನಡೆಯಿತು. ಹಾಸನ, ಅರಕಲಗೂಡಿನ ಮನೆಗಳಿಂದ ಹಿಡಿದು ದಿಲ್ಲಿ, ಮುಂಬಯಿಯವರೆಗೆ ಜನ ಒಬ್ಬರನ್ನೊಬ್ಬರು ಕೇಳಿಕೊಂಡರು: “ನಿಮ್ಮ ಫೋನೂ ಬದಲಾಗಿದೆಯಾ?” ಮಕ್ಕಳೇ, ಆ ದಿನಗಳಲ್ಲಿ ನೀವೂ ನಿಮ್ಮ ಅಜ್ಜಿಗೆ “ನೀನೇ ಏನೋ ಒತ್ತಿದ್ದೀಯ” ಎಂದಿದ್ದರೆ ಈಗ ಹೋಗಿ ಕ್ಷಮೆ ಕೇಳಿಬನ್ನಿ. ಅಜ್ಜಿ ಏನೂ ಒತ್ತಿರಲಿಲ್ಲ!

ನಿಜವಾಗಿ ಆದದ್ದೇನು?

ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಇರುವುದು ಆಂಡ್ರಾಯ್ಡ್ ಫೋನು. ಅದನ್ನು ತಯಾರಿಸುವ ಕಂಪನಿಗಳು ಹಲವು. ಆದರೆ ಅವುಗಳಲ್ಲಿ ಅನೇಕ ಫೋನುಗಳಲ್ಲಿ ಕರೆ ಮಾಡಲು, ಕರೆ ತೆಗೆಯಲು ಇರುವ ಆಪ್ ಮಾತ್ರ ಗೂಗಲ್‌ನದು. ಅದರ ಹೆಸರೂ ‘ಫೋನ್’ ಎಂದೇ. ಆ ಆಗಸ್ಟ್‌ನಲ್ಲಿ ಗೂಗಲ್ ಈ ಆಪ್‌ಗೆ ಹೊಸ ರೂಪ ಕೊಟ್ಟಿತು. ಆಪ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವ ವ್ಯವಸ್ಥೆ ಹೆಚ್ಚಿನ ಫೋನುಗಳಲ್ಲಿ ಇರುವುದರಿಂದ, ಯಾರನ್ನೂ ಕೇಳದೆ ಹೊಸ ರೂಪ ಬಂದು ಕೂತಿತು.

ಮೊದಲು ಬೀಗ ಹಾಕಿದ ಪರದೆಯ ಮೇಲೆ ಕರೆ ಬಂದರೆ ಗುಂಡಿಯನ್ನು ಮೇಲಕ್ಕೆ ಸರಿಸಿ ಮಾತಾಡುತ್ತಿದ್ದೆವು, ಕೆಳಕ್ಕೆ ಸರಿಸಿ ಕತ್ತರಿಸುತ್ತಿದ್ದೆವು. ಹೊಸ ರೂಪದಲ್ಲಿ ಅದು ಅಡ್ಡಡ್ಡವಾಯಿತು. ಬಲಕ್ಕೆ ಸರಿಸಿದರೆ ಮಾತು, ಎಡಕ್ಕೆ ಸರಿಸಿದರೆ ಕಟ್. ಮೊದಲು ಬೇರೆ ಬೇರೆ ಇದ್ದ ಮೆಚ್ಚಿನವರ ಪಟ್ಟಿ ಮತ್ತು ಇತ್ತೀಚಿನ ಕರೆಗಳ ಪಟ್ಟಿ ಒಂದೇ ‘ಹೋಮ್’ ಪುಟಕ್ಕೆ ಬಂದವು. ಸಂಪರ್ಕಗಳ ಪಟ್ಟಿ, ಎಂದರೆ ಕಾಂಟ್ಯಾಕ್ಟ್ಸ್, ಕಣ್ಣೆದುರಿನಿಂದ ಸರಿದು ಮೆನುವಿನ ಒಳಗೆ ಹೋಯಿತು. ಮಾತಾಡುವಾಗ ಕಾಣುವ ಗುಂಡಿಗಳು ದೊಡ್ಡದಾದವು.

ಕರೆ ತೆಗೆಯುವ ದಿಕ್ಕನ್ನು ಬದಲಿಸಿದ್ದಕ್ಕೆ ಗೂಗಲ್ ಕೊಟ್ಟ ಕಾರಣ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಜೇಬಿನಿಂದ ಫೋನು ಹೊರಗೆ ಎಳೆಯುವಾಗ ಬೆರಳು ತಾಗಿ ಕರೆ ತಾನಾಗಿ ತೆರೆದುಕೊಳ್ಳುವುದನ್ನು, ಇಲ್ಲವೇ ಕತ್ತರಿಸಿ ಹೋಗುವುದನ್ನು ಇದು ತಪ್ಪಿಸುತ್ತದೆಯಂತೆ. ಅಂಗಿ ಜೇಬಿನಲ್ಲಿ ಫೋನಿಡುವ ತಾತಂದಿರಿಗೆ ಇದು ಅನುಕೂಲವೇ. ಆದರೆ ಆ ಅನುಕೂಲ ಹೇಳದೆ ಕೇಳದೆ ಬಂತು. ಗೋಳಾದದ್ದು ಅಲ್ಲಿ.

ಫೋನಿನ ಒಳಗಿನ ಯಜಮಾನ

ಇಲ್ಲಿ ಒಂದು ವಿಷಯ ಬಿಡಿಸಿಕೊಳ್ಳೋಣ. ಆಗಸ್ಟ್‌ನಲ್ಲಿ ಬದಲಾದದ್ದು ಒಂದು ಆಪ್ ಮಾತ್ರ. ಫೋನಿನ ಪೂರ್ತಿ ವ್ಯವಸ್ಥೆಯಲ್ಲ. ಫೋನು ಒಂದು ಮನೆಯಾದರೆ ಆಪ್‌ಗಳು ಅದರ ಕೋಣೆಗಳು. ಯಾವ ಕೋಣೆಗೆ ಎಷ್ಟು ಬೆಳಕು, ಎಷ್ಟು ನೀರು, ಯಾರಿಗೆ ಒಳಗೆ ಪ್ರವೇಶ ಎಂದು ನಿರ್ಧರಿಸುವ ಮನೆಯ ಯಜಮಾನ ಒಬ್ಬನಿದ್ದಾನೆ. ಅವನೇ ಆಪರೇಟಿಂಗ್ ಸಿಸ್ಟಂ, ಚಿಕ್ಕದಾಗಿ ಓಎಸ್. ಆಂಡ್ರಾಯ್ಡ್ ಒಂದು ಓಎಸ್. ಐಫೋನಿನ ಐಓಎಸ್ ಇನ್ನೊಂದು.

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ಹಾಗೆ, ಓಎಸ್‌ಗಳ ದೊಡ್ಡ ಅಪ್‌ಡೇಟ್ ಕೂಡ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬರುತ್ತದೆ. ನಡುನಡುವೆ ಸಣ್ಣ ರಿಪೇರಿಗಳು ಬರುತ್ತಿರುತ್ತವೆ. ಮೊದಲ ಆಂಡ್ರಾಯ್ಡ್ ಬಂದದ್ದು 2008ರಲ್ಲಿ. 2009ರಿಂದ ಪ್ರತಿ ಆವೃತ್ತಿಗೂ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದು ಸಿಹಿತಿನಿಸಿನ ಹೆಸರು: ಕಪ್‌ಕೇಕ್, ಡೋನಟ್, ಎಕ್ಲೇರ್... ಹೀಗೆ. 2016ರಲ್ಲಿ ‘ಎನ್’ ಅಕ್ಷರದ ಸರದಿ ಬಂದಾಗ ಕೇರಳದವರು ತಮ್ಮ ನೆಯ್ಯಪ್ಪಂ ಹೆಸರಿಡಿ ಎಂದು ಪಟ್ಟು ಹಿಡಿದಿದ್ದರು. ಕೊನೆಗೆ ಆಯ್ಕೆಯಾದದ್ದು ನೂಗಾ. ಮರುವರ್ಷ ‘ಓ’ ಅಕ್ಷರ. ಅದು ಓರಿಯೋ ಆಯಿತು. ನಮ್ಮ ಕಡೆಯವರನ್ನು ಕೇಳಿದ್ದರೆ ಒಬ್ಬಟ್ಟು ಎನ್ನುತ್ತಿದ್ದೆವು! 2019ರಲ್ಲಿ ಹತ್ತನೆಯ ಆವೃತ್ತಿ ಬಂದಾಗ ಈ ಸಿಹಿ ಹೆಸರುಗಳನ್ನು ಕೈಬಿಟ್ಟು ಬರೀ ಅಂಕಿ ಉಳಿಸಿಕೊಂಡರು.

ಹದಿನಾರರಲ್ಲಿ ಹೊಸದೇನು?

ಆಂಡ್ರಾಯ್ಡ್ 16 ಬಿಡುಗಡೆಯಾದದ್ದು 2025ರ ಜೂನ್ 10ರಂದು. ಮೊದಲು ಸಿಕ್ಕಿದ್ದು ಗೂಗಲ್‌ನ ಪಿಕ್ಸೆಲ್ ಫೋನುಗಳಿಗೆ. ಉಳಿದ ಕಂಪನಿಗಳ ಫೋನುಗಳಿಗೆ ಆಯಾ ಕಂಪನಿ ಸಿದ್ಧ ಮಾಡಿ ಕೊಡಬೇಕು. ಆದ್ದರಿಂದ ಪಕ್ಕದ ಮನೆಯವರ ಫೋನಿಗೆ ಬಂದದ್ದು ನಮ್ಮದಕ್ಕೆ ಬಂದಿಲ್ಲವೆಂದರೆ ಫೋನು ಕೆಟ್ಟಿದೆ ಎಂದಲ್ಲ.

ತಾತ-ಅಜ್ಜಿಯರಿಗೆ ಉಪಯೋಗವಾಗುವ ಮೂರು ಸಂಗತಿಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು, ಕಿವಿಯಂತ್ರ ಹಾಕಿಕೊಳ್ಳುವವರಿಗೆ. ಹೊಸ ಬಗೆಯ ಬ್ಲೂಟೂತ್ ಇರುವ ಕಿವಿಯಂತ್ರವನ್ನು ಫೋನಿಗೆ ಜೋಡಿಸಿಕೊಂಡು ಮಾತಾಡುವಾಗ, ನಮ್ಮ ದನಿಯನ್ನು ಕಿವಿಯಂತ್ರದ ಮೈಕಿನ ಬದಲು ಫೋನಿನ ಮೈಕಿನಿಂದಲೇ ಕಳಿಸಬಹುದು. ಬಸ್ ನಿಲ್ದಾಣದ ಗದ್ದಲದಲ್ಲಿ ನಿಂತು ಮಾತಾಡಿದರೂ ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳಲು ಇದು ನೆರವಾಗುತ್ತದೆ.

ಎರಡನೆಯದು ಮೋಸಗಾರರಿಗೆ ತಡೆ. “ಬ್ಯಾಂಕಿನಿಂದ ಮಾತಾಡ್ತಿದೀವಿ, ಫೋನ್ ಕಟ್ ಮಾಡ್ಬೇಡಿ, ನಾವು ಕಳಿಸಿರೋ ಆಪ್ ಹಾಕ್ಕೊಳ್ಳಿ” ಎಂದು ಬೆದರಿಸುವ ಕಳ್ಳರ ಬಗ್ಗೆ ಪತ್ರಿಕೆಯಲ್ಲಿ ಓದಿರುತ್ತೀರಿ. ಪರಿಚಯವಿಲ್ಲದ ನಂಬರಿನ ಕರೆ ನಡೆಯುತ್ತಿರುವಾಗ, ಹೊರಗಿನಿಂದ ಬಂದ ಆಪ್ ಹಾಕಿಕೊಳ್ಳುವುದು, ಫೋನಿನ ಪೂರ್ತಿ ಹಿಡಿತವನ್ನು ಆಪ್‌ಗೆ ಒಪ್ಪಿಸುವುದು ಮುಂತಾದ ಅಪಾಯದ ಕೆಲಸಗಳಿಗೆ ಹೊಸ ವ್ಯವಸ್ಥೆ ಅಡ್ಡ ನಿಲ್ಲುತ್ತದೆ.

ಮೂರನೆಯದು, ಒಂದೇ ಆಪ್‌ನಿಂದ ಬರುವ ಹತ್ತಾರು ಸೂಚನೆಗಳು ಒಂದೇ ಕಟ್ಟಾಗಿ ಸೇರಿಕೊಳ್ಳುತ್ತವೆ. ಪರದೆ ಸಂತೆಯಂತೆ ಕಾಣುವುದಿಲ್ಲ.

ತರಿಸಿದ ಊಟ ಎಲ್ಲಿಯವರೆಗೆ ಬಂತು, ಕರೆದ ಆಟೊ ಎಲ್ಲಿದೆ ಎಂದು ಪರದೆಯ ಮೇಲೆಯೇ ತೋರಿಸುವ ಸೌಲಭ್ಯವೂ ಇದೆ. ಅರಕಲಗೂಡಿನ ತೋಟದ ಮನೆಯಲ್ಲಿ ಇರುವವರಿಗೆ ಸದ್ಯ ಅದರಿಂದ ಹೆಚ್ಚಿನ ಪ್ರಯೋಜನ ಇರಲಿಕ್ಕಿಲ್ಲ.

ಜನ ಏನೆಂದರು?

ಹೊಸ ಸಿನಿಮಾ ಬಂದರೆ ವಿಮರ್ಶೆ ಬರುವ ಹಾಗೆ ಹೊಸ ಓಎಸ್‌ಗೂ ವಿಮರ್ಶೆ ಬರುತ್ತದೆ. ಜೂನ್‌ನಲ್ಲಿ ಆಂಡ್ರಾಯ್ಡ್ 16 ನೋಡಿದವರು “ಹದಿನೈದಕ್ಕೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಹೆಚ್ಚಿಲ್ಲ” ಎಂದರು. ಗೂಗಲ್ ಮೇ ತಿಂಗಳಲ್ಲೇ ಪ್ರಕಟಿಸಿದ್ದ ಹೊಸ ವಿನ್ಯಾಸ ಆಗ ಇನ್ನೂ ಸೇರಿರಲಿಲ್ಲ. ಪಿಕ್ಸೆಲ್ ಫೋನುಗಳಿಗೆ ಅದು ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಜ್ಜಿಯನ್ನು ಗಾಬರಿಪಡಿಸಿದ ಆಗಸ್ಟ್ ತಿಂಗಳ ‘ಫೋನ್’ ಆಪ್ ಇದೇ ವಿನ್ಯಾಸದ ಕೂಸು.

ಈ ವಿನ್ಯಾಸಕ್ಕಾಗಿ 46 ಅಧ್ಯಯನಗಳನ್ನು ನಡೆಸಿದ್ದೇವೆ, 18,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದ್ದೇವೆ ಎಂದು ಗೂಗಲ್ ಹೇಳಿಕೊಂಡಿದೆ. ಮುಖ್ಯವಾದ ಗುಂಡಿಗಳನ್ನು ಜನ ನಾಲ್ಕು ಪಟ್ಟು ಬೇಗ ಗುರುತಿಸಿದ ಉದಾಹರಣೆಯೂ ಅದರಲ್ಲಿದೆಯಂತೆ. ಹಾಗಾದರೆ ನಮ್ಮ ಜನ ಗೊಣಗಿದ್ದೇಕೆ?

ಹಾಸನದ ಬಸ್ ನಿಲ್ದಾಣವನ್ನು ನೆನೆದುಕೊಳ್ಳಿ. ಅರಕಲಗೂಡಿನ ಬಸ್ಸು ಮೂವತ್ತು ವರ್ಷ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು ಎಂದಿಟ್ಟುಕೊಳ್ಳಿ. ಒಂದು ಬೆಳಿಗ್ಗೆ ಅದು ಆ ತುದಿಗೆ ಹೋಯಿತು. ಹೊಸ ಜಾಗದಲ್ಲಿ ದೊಡ್ಡ ಬೋರ್ಡಿದೆ, ಬಣ್ಣ ಚೆನ್ನಾಗಿದೆ. ಊರಿಗೆ ಹೊಸಬರು ಬಂದರೆ ತಟ್ಟನೆ ಕಾಣುತ್ತದೆ. ಆದರೆ ದಿನಾ ಅರಕಲಗೂಡಿಗೆ ಹೋಗುವ ತಾತ ಬೋರ್ಡು ಓದುವುದೇ ಇಲ್ಲ. ಅವರ ಕಾಲು ತಾನಾಗಿ ಹಳೆಯ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಬಸ್ಸು ತಪ್ಪುತ್ತದೆ. ತಪ್ಪು ತಾತನದೂ ಅಲ್ಲ, ಬೋರ್ಡಿನದೂ ಅಲ್ಲ. ಬದಲಿಸುವ ಮೊದಲು ಯಾರೂ ಅವರಿಗೆ ಹೇಳಲಿಲ್ಲ, ಅಷ್ಟೆ.

ಅಜ್ಜಿಯ ಒಗ್ಗರಣೆ ಡಬ್ಬಿಯೂ ಹಾಗೆಯೇ. ಸಾಸಿವೆ ಎಲ್ಲಿ, ಜೀರಿಗೆ ಎಲ್ಲಿ ಎಂದು ಅವರು ನೋಡಿ ತೆಗೆಯುವುದಿಲ್ಲ. ಕೈಗೇ ಗೊತ್ತು. ಮನೆಯಲ್ಲಿ ಯಾರಾದರೂ ಬಟ್ಟಲುಗಳ ಜಾಗ ಬದಲಿಸಿ ನೋಡಲಿ, ಬೈಗುಳ ಗ್ಯಾರಂಟಿ! ಅಜ್ಜಿ ಫೋನನ್ನೂ ಕೈಯ ನೆನಪಿನಿಂದಲೇ ಬಳಸುತ್ತಾರೆ. ಆ ನೆನಪು ಕೂಡಿಬರಲು ತಿಂಗಳುಗಳು ಹಿಡಿದಿರುತ್ತವೆ.

ಗೊಣಗಿದರೆ ಕೇಳುವವರಿದ್ದಾರೆ

ಜನರ ದೂರಿಗೆ ಬೆಲೆ ಇಲ್ಲ ಎಂದುಕೊಳ್ಳಬೇಡಿ. ಗೂಗಲ್‌ನ ಅದೇ ಆಪ್‌ನಲ್ಲಿ, ಸರಿಸುವ ಗೋಜೇ ಬೇಡ, ಒಮ್ಮೆ ಮುಟ್ಟಿದರೆ ಸಾಕು ಎನ್ನುವ ಆಯ್ಕೆಯೂ ಇದೆ. ಅದನ್ನು ಹುಡುಕಿ ಕೊಡುವವರು ಬೇಕು, ಅಷ್ಟೆ.

ಸ್ಯಾಮ್‌ಸಂಗ್ ಫೋನುಗಳಲ್ಲಿ ಕರೆಯ ಆಪ್ ಆ ಕಂಪನಿಯದೇ. ಹಾಗಾಗಿ ಆಗಸ್ಟ್‌ನ ಗೊಂದಲದಿಂದ ಅವರು ಪಾರಾದರು. ಆದರೆ ಅವರದೇ ಒಂದು ಗೊಂದಲ ಏಪ್ರಿಲ್‌ನಲ್ಲಿ ಆಗಿತ್ತು. ‘ಒನ್ ಯುಐ 7’ ಎಂಬ ಅಪ್‌ಡೇಟ್ ಬಂದಾಗ, ಪರದೆಯ ಮೇಲಿನಿಂದ ಎಳೆದರೆ ಒಟ್ಟಿಗೆ ಕಾಣುತ್ತಿದ್ದ ಸೂಚನೆಗಳು ಮತ್ತು ವೈಫೈ, ಟಾರ್ಚ್ ಮುಂತಾದ ಗುಂಡಿಗಳು ಎರಡು ಪಾಲಾದವು. ಬಲ ಮೂಲೆಯಿಂದ ಎಳೆದರೆ ಗುಂಡಿಗಳು, ಉಳಿದ ಕಡೆಯಿಂದ ಎಳೆದರೆ ಸೂಚನೆಗಳು. “ಟಾರ್ಚ್ ಎಲ್ಲಿ ಹೋಯ್ತು?” ಎಂದು ಹುಡುಕುವ ಹಾಗಾಯಿತು. ಎರಡನ್ನೂ ಮತ್ತೆ ಒಟ್ಟಿಗೆ ತರುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇದೆ. ಆ ಅಪ್‌ಡೇಟ್‌ನಲ್ಲಿ ಒಂದು ದೋಷ ಕಂಡುಬಂದು ಹಂಚಿಕೆಯನ್ನೇ ಕೆಲವು ದಿನ ನಿಲ್ಲಿಸಿ, ಸರಿಪಡಿಸಿ ಮತ್ತೆ ಶುರು ಮಾಡಿದರು.

ಐಫೋನಿನ ಕಥೆ ಇನ್ನೂ ಸ್ವಾರಸ್ಯ. 2025ರ ಸೆಪ್ಟೆಂಬರ್ 15ರಂದು ಬಂದ ಐಓಎಸ್ 26ರಲ್ಲಿ ಗುಂಡಿಗಳೆಲ್ಲ ಗಾಜಿನಂತೆ ಪಾರದರ್ಶಕವಾದವು. ಇದಕ್ಕೆ ‘ಲಿಕ್ವಿಡ್ ಗ್ಲಾಸ್’ ಎಂದು ಹೆಸರು. ನೋಡಲು ಸೊಗಸು. ಆದರೆ ಹಿಂದಿನ ಚಿತ್ರದ ಬಣ್ಣ ಗಾಜಿನಿಂದ ಇಣುಕಿ, ಮೇಲಿನ ಅಕ್ಷರ ಓದಲು ಕಷ್ಟ ಎಂದು ಬಹಳ ಜನ ದೂರಿದರು. ಕನ್ನಡಕ ಹಾಕುವವರಿಗೆ ಇದು ಎಂಥ ತೊಂದರೆ ಎಂದು ಹೇಳಬೇಕಾಗಿಲ್ಲ. ನವೆಂಬರ್‌ನಲ್ಲಿ ಬಂದ 26.1 ಆವೃತ್ತಿಯಲ್ಲಿ ಆ ಗಾಜನ್ನು ಮಬ್ಬಾಗಿಸಿ ಅಕ್ಷರ ಎದ್ದು ಕಾಣುವಂತೆ ಮಾಡುವ ಆಯ್ಕೆಯನ್ನು ಆಪಲ್ ಕೊಟ್ಟಿತು.

ಅಪ್‌ಡೇಟ್ ಎಂದರೆ ತಾಪತ್ರಯವೇ ಎಂದೂ ಅಲ್ಲ. ಫೋನಿನ ಮುಂದೆ ಕನ್ನಡದಲ್ಲಿ ಮಾತಾಡಿದರೆ ಅದೇ ಅಕ್ಷರವಾಗಿ ಮೂಡುವ ಸೌಲಭ್ಯವನ್ನು ಗೂಗಲ್ ತಂದದ್ದು 2017ರ ಆಗಸ್ಟ್‌ನಲ್ಲಿ, ಇಂಥದ್ದೇ ಒಂದು ಅಪ್‌ಡೇಟ್‌ನಲ್ಲಿ. ಕೀಲಿಮಣೆಯ ಸಣ್ಣ ಅಕ್ಷರ ಹುಡುಕಲಾಗದ ಎಷ್ಟೋ ತಾತಂದಿರು ಇಂದು ಮಾತಾಡಿಯೇ ಸಂದೇಶ ಬರೆಯುತ್ತಾರೆ. ಐಫೋನಿನಲ್ಲಿ 2024ರ ಐಓಎಸ್ 18ರಿಂದ ಪರದೆಯ ಗಡಿಯಾರವನ್ನು ಕನ್ನಡ ಅಂಕಿಯಲ್ಲೇ ಇಟ್ಟುಕೊಳ್ಳಬಹುದು. ಹತ್ತೂವರೆಯಾದರೆ ೧೦:೩೦ ಎಂದು ಕಾಣುತ್ತದೆ. ಕನ್ನಡ ಅಂಕಿ ಮರೆತ ಮೊಮ್ಮಕ್ಕಳಿಗೆ ಇಲ್ಲಿ ಅಜ್ಜಿಯೇ ಮೇಷ್ಟ್ರು!

ಹಾಗಾದರೆ ಅಪ್‌ಡೇಟ್ ಬೇಡವೇ?

ಆಗಸ್ಟ್‌ನಲ್ಲಿ ಬೇಸರಗೊಂಡ ಹಲವರು ‘ಫೋನ್’ ಆಪ್‌ನ ಅಪ್‌ಡೇಟ್ ತೆಗೆದುಹಾಕಿ ಹಳೆಯ ರೂಪಕ್ಕೆ ಮರಳಿದರು. ಆಪ್‌ಗಳಿಗೆ ಹೀಗೆ ಮಾಡಲು ಸಾಧ್ಯ. ಆದರೆ ಇನ್ನು ಯಾವ ಅಪ್‌ಡೇಟೂ ಬೇಡ ಎಂದು ಬಾಗಿಲು ಹಾಕಿಕೊಳ್ಳುವುದು ಜಾಣತನವಲ್ಲ. ಪ್ರತಿ ಅಪ್‌ಡೇಟ್‌ನಲ್ಲಿ ಕಣ್ಣಿಗೆ ಕಾಣುವ ಬಣ್ಣದ ಜೊತೆ ಕಣ್ಣಿಗೆ ಕಾಣದ ರಿಪೇರಿಯೂ ಇರುತ್ತದೆ. ಕಳ್ಳ ನುಗ್ಗಬಹುದಾದ ಕಿಂಡಿಗಳನ್ನು ಮುಚ್ಚುವ ಕೆಲಸ ಅದು. ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚು ಕೈಯಾಡಿಸುವುದಿಲ್ಲವೇ, ಹಾಗೆ. ಪಿಂಚಣಿ ಬರುವ ಬ್ಯಾಂಕ್ ಖಾತೆ, ಹಾಲಿನ ಡೇರಿಯ ಹಣ, ಎಲ್ಲವೂ ಈಗ ಅದೇ ಫೋನಿನಲ್ಲಿದೆ.

ಇನ್ನೊಂದು ಎಚ್ಚರ ಇದಕ್ಕಿಂತ ಮುಖ್ಯ. ನಿಜವಾದ ಅಪ್‌ಡೇಟ್ ಬರುವುದು ಫೋನಿನ ಸೆಟ್ಟಿಂಗ್ಸ್ ಮೂಲಕ. ಆಪ್‌ಗಳದ್ದು ಪ್ಲೇ ಸ್ಟೋರ್ ಮೂಲಕ. ವಾಟ್ಸಾಪ್‌ನಲ್ಲಿ ಬರುವ “ನಿಮ್ಮ ಫೋನ್ ಅಪ್‌ಡೇಟ್ ಮಾಡಿ” ಎಂಬ ಲಿಂಕು, ‘ಎಪಿಕೆ’ ಎಂದು ಕೊನೆಯಾಗುವ ಕಡತ ಯಾವುದನ್ನೂ ಮುಟ್ಟಬಾರದು. ಮದುವೆಯ ಕರೆಯೋಲೆ, ಗಾಡಿಯ ದಂಡದ ನೋಟಿಸು, ರೈತರ ಯೋಜನೆಯ ಹಣ ಎಂದೆಲ್ಲ ವೇಷ ಹಾಕಿ ಇಂಥ ಕಡತಗಳು ಬಂದಿವೆ. ಮೋಸ ಹೋದದ್ದು ಗೊತ್ತಾದ ಕ್ಷಣವೇ 1930 ನಂಬರಿಗೆ ಕರೆ ಮಾಡಿ. ಮನೆಯವರು ಬೈದಾರು ಎಂದು ಮುಚ್ಚಿಡಬೇಡಿ. ಬೇಗ ಹೇಳಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು.

ಮೊಮ್ಮಕ್ಕಳಿಗೆ ಭಾನುವಾರದ ಕೆಲಸ

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಜ್ಜಿ-ತಾತನ ಪಕ್ಕ ಕೂತುಕೊಳ್ಳಿ.

1. ಫೋನ್ ಆಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಇನ್‌ಕಮಿಂಗ್ ಕಾಲ್ ಜೆಶ್ಚರ್’ ಎಂಬುದನ್ನು ಹುಡುಕಿ. ಅಲ್ಲಿ ಒಮ್ಮೆ ಮುಟ್ಟುವ ಆಯ್ಕೆಯೂ ಇದೆ, ಸರಿಸುವ ಆಯ್ಕೆಯೂ ಇದೆ. ಎರಡನ್ನೂ ತೋರಿಸಿ. ಯಾವುದು ಬೇಕೆಂದು ಅವರೇ ಹೇಳಲಿ.

2. ಪಕ್ಕದ ಕೋಣೆಗೆ ಹೋಗಿ ನಿಮ್ಮ ಅಮ್ಮನ ಫೋನಿನಿಂದ ಅಜ್ಜಿಗೆ ಹತ್ತು ಸಲ ಕರೆ ಮಾಡಿ. ಹತ್ತು ಸಲವೂ ಅವರೇ ತೆಗೆಯಲಿ. ಕೈಗೆ ಹೊಸ ನೆನಪು ಬರಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆಟವೂ ಆಯಿತು.

3. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ. ಆಂಡ್ರಾಯ್ಡ್ 14ರ ನಂತರದ ಫೋನುಗಳಲ್ಲಿ ಎರಡು ಪಟ್ಟಿನವರೆಗೂ ಹಿಗ್ಗಿಸಬಹುದು.

4. ಫೋನಿನ ಭಾಷೆ ಕನ್ನಡ ಬೇಕೇ ಎಂದು ಕೇಳಿ. ಆಂಡ್ರಾಯ್ಡ್ 13ರಿಂದ ಈಚೆಗೆ ಒಂದೊಂದು ಆಪ್‌ಗೆ ಒಂದೊಂದು ಭಾಷೆ ಇಟ್ಟುಕೊಳ್ಳುವ ಅನುಕೂಲವೂ ಇದೆ.

5. ದೊಡ್ಡ ಅಪ್‌ಡೇಟ್ ಹಾಕುವ ಮುಂಚೆ ಫೋಟೋಗಳನ್ನು ಬೇರೆ ಕಡೆ ಉಳಿಸಿ. ಚಾರ್ಜ್ ಅರ್ಧಕ್ಕಿಂತ ಹೆಚ್ಚಿರಲಿ. ವೈಫೈ ಇದ್ದರೆ ಒಳ್ಳೆಯದು. ಆಸ್ಪತ್ರೆಗೋ ಮದುವೆಗೋ ಹೊರಡುವ ಹಿಂದಿನ ರಾತ್ರಿ ಮಾತ್ರ ಹಾಕಬೇಡಿ.

6. ಏನಾದರೂ ಬದಲಾದರೆ ಅದನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ: “ಬಲಕ್ಕೆ — ಮಾತು. ಎಡಕ್ಕೆ — ಕಟ್.”

ಒಂದು ನಿಯಮ ಪಾಲಿಸಿ: ಅವರ ಕೈಯಿಂದ ಫೋನು ಕಿತ್ತುಕೊಂಡು ಪಟಪಟ ಒತ್ತಿ ವಾಪಸ್ ಕೊಡಬೇಡಿ. ಫೋನು ಅವರ ಕೈಯಲ್ಲೇ ಇರಲಿ, ಬೆರಳು ಅವರದೇ ಇರಲಿ. ನಿಮಗೆ ಅಕ್ಷರ ತಿದ್ದಿಸುವಾಗ ಅವರು ಸ್ಲೇಟು ಕಿತ್ತುಕೊಂಡು ತಾವೇ ಬರೆದಿದ್ದರೆ ನೀವು ಕಲಿಯುತ್ತಿದ್ದಿರೇ?

ತಾತ-ಅಜ್ಜಿಯರೇ, ನಿಮಗೂ ಒಂದು ಮಾತು. ಫೋನು ಬದಲಾದಾಗ “ನಂಗೆ ಇದೆಲ್ಲ ಬರಲ್ಲ” ಎಂದು ಮೂಲೆಗೆ ಇಡಬೇಡಿ. ಇದುವರೆಗೆ ಬರುತ್ತಿತ್ತಲ್ಲ! ಬದಲಾದದ್ದು ಫೋನು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಆಪ್‌ನ ಕೆಳಗೂ ಅಭಿಪ್ರಾಯ ಬರೆಯುವ ಜಾಗವಿದೆ, ಕನ್ನಡದಲ್ಲೂ ಬರೆಯಬಹುದು. ನಿಮ್ಮ ಗೊಣಗಾಟವನ್ನು ಮೊಮ್ಮಕ್ಕಳ ಕೈಯಲ್ಲಿ ಅಲ್ಲಿಗೆ ಬರೆಸಿ. ಅದೂ ವಿಮರ್ಶೆಯೇ.

ನಮ್ಮ ಹೊಳೆನರಸೀಪುರದ ಮನೆಗೆ ಮರಳೋಣ. ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಕಿಟಕಿಯ ಕಟ್ಟೆಯ ಮೇಲೆ ಫೋನು ರಿಂಗಾಗುತ್ತದೆ. ಮೊಮ್ಮಗಳು ಓಡಿ ಬರುತ್ತಾಳೆ. ಅಷ್ಟರಲ್ಲಿ ಅಜ್ಜಿ ಹಿಟ್ಟಿನ ಕೈ ಒರೆಸಿಕೊಂಡು ಒಮ್ಮೆ ಮುಟ್ಟಿ ಕಿವಿಗೆ ಹಿಡಿದಾಗಿದೆ.

“ಹ್ಞೂಂ, ಹೇಳಮ್ಮ... ನಿನ್ನೆ ಎಲ್ಲಾ ಇದೇ ಫೋನಿನ ಪಾಠ ನಮ್ಮನೇಲಿ. ಹತ್ತಕ್ಕೆ ಹತ್ತು ತಗೊಂಡೆ ನೋಡು!”